ಮಳೆಗಾಲದ ಹಸುರೂ ನಮ್ಮ ಕ್ಯಾಮರಾವೂ



ಮಳೆಗಾಲದಲ್ಲಿ ಹೂಗಿಡಗಳ ಚಿತ್ರ ತೆಗೆಯಬೇಕೆಂಬ ಆಸೆ ಹುಟ್ಟಿದವರು ಕೊಡಗಿಗೋ ಆಗುಂಬೆಗೋ ಹೊರಡುವುದು ವಾಡಿಕೆ. ಅಷ್ಟು ದೂರ ಹೋಗುವ ಬಿಡುವಿಲ್ಲದ ನಾವು ನಾಲ್ವರು ಅಧ್ಯಾಪಕರು, ಗೌರಿಹಬ್ಬಕ್ಕೆ ಇನ್ನೊಂದು ವಾರವಿರುವಾಗ, ಒಂದು ಭಾನುವಾರ ಬೆಳಗ್ಗೆ ಯಶವಂತಪುರದಿಂದ ಹೊರಟು, ಹೆಬ್ಬಾಳದ ಮಾರ್ಗವಾಗಿ ಜಕ್ಕೂರು ಕೆರೆಯನ್ನು ಸೇರಿದೆವು. ರಾತ್ರಿಯೆಲ್ಲ ಸುರಿದ ಮಳೆ ಆಗತಾನೆ ಸೋನೆಗೆ ಇಳಿದಿತ್ತು. ಆ ದಿನ ನಾವು ಕಲಿತ ಒಂದು ಪಾಠವನ್ನು ತಮ್ಮಲ್ಲಿ ಅರಿಕೆಮಾಡಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ಕ್ಯಾಮರಾದ ಮಾತು. ಬಿಸಿಲಿಲ್ಲದ ದಿನ ಚಿತ್ರ ಚೆನ್ನಾಗಿ ಬಾರದೆಂದು ಹಲವರು ತಿಳಿದಿದ್ದಾರೆ. ಹೂವಿನ ವಿಷಯದಲ್ಲಿ ಈ ಮಾತು ಸಲ್ಲದು. ನೇರ ಬಿಸಿಲಿನಲ್ಲಿ ದಳದ ಒಂದು ಭಾಗ ಬಣ್ಣಗೆಟ್ಟು ಬೆಳ್ಳಗಾಗುತ್ತದೆ. ಇನ್ನೊಂದು ಭಾಗ ಕಪ್ಪು ನೆರಳಿನಲ್ಲಿ ಮುಳುಗುತ್ತದೆ. ಮೋಡವಾದರೋ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ನೆನೆದ ಎಲೆಯ ಮೇಲೆ ಆಕಾಶದ ಬಿಳುಪು ಹೊಳೆದು ಹಸುರನ್ನು ಮರೆಸುವುದುಂಟು. ಧ್ರುವೀಕರಣದ ಗಾಜೊಂದನ್ನು ಮಸೂರದ ಮುಂದಿಟ್ಟು ತಿರುಗಿಸಿದರೆ ಆ ಹೊಳಪು ಬಹುಮಟ್ಟಿಗೆ ಅಡಗಿ ನಿಜವಾದ ಬಣ್ಣ ಹೊರಬರುತ್ತದೆ. ಗಾಳಿಗೆ ಹೂ ಅಲುಗುವುದೇ ದೊಡ್ಡ ತೊಡಕು. ಅದಕ್ಕೆ ಒಂದು ಕೊಡೆ, ಕೊಡೆ ಹಿಡಿಯುವ ಒಬ್ಬ ಸ್ನೇಹಿತ, ಬೇಕಾದಷ್ಟು ತಾಳ್ಮೆ, ಇವೇ ಮದ್ದು.

ಈ ಸಿದ್ಧತೆಗಳೊಡನೆ ನೋಡುತ್ತ ಹೋದಾಗ ಕೆರೆಯ ಒಂದು ಮೂಲೆಯಲ್ಲಿ ನೀರೇ ಕಾಣದಂತೆ ದಟ್ಟವಾಗಿ ಬೆಳೆದ ಹಸುರು, ಅದರ ನಡುನಡುವೆ ತಿಳಿನೇರಿಳೆಯ ಹೂಗೊಂಚಲು ನಮ್ಮ ಕಣ್ಣಿಗೆ ಬಿದ್ದವು. ಒಂದೊಂದು ಹೂವಿನ ಮೇಲಿನ ದಳದಲ್ಲಿ ನೀಲಿ ಸುತ್ತಿನ ನಡುವೆ ಹಳದಿಯ ಬೊಟ್ಟು; ನವಿಲುಗರಿಯ ಕಣ್ಣನ್ನೇ ಕತ್ತರಿಸಿ ಇಟ್ಟಂತಿತ್ತು. ಕಾಲೇಜಿನ ಪ್ರದರ್ಶನಕ್ಕೆ ಇದೇ ತಕ್ಕ ಚಿತ್ರವೆಂದು ನಿರ್ಧರಿಸಿ, ‘ಸಮೃದ್ಧಿ’ ಎಂಬ ಹೆಸರನ್ನೂ ಅಲ್ಲಿಯೇ ಗೊತ್ತುಮಾಡಿಕೊಂಡೆವು.

ಪಕ್ಕದಲ್ಲಿ ಹಬ್ಬಕ್ಕಾಗಿ ಪತ್ರೆ ಆಯುತ್ತಿದ್ದ ವೃದ್ಧೆಯೊಬ್ಬರು ನಮ್ಮನ್ನು ಬಹಳ ಹೊತ್ತು ನೋಡಿ, “ಅದ್ಯಾಕೆ ಸ್ವಾಮಿ ಪಟ ತೆಗೀತೀರಿ? ಅದು ಹಬ್ಬಿದ ಕಡೆ ನೀರೇ ಕಾಣಾಕಿಲ್ಲ. ಒಸಿ ಕಾಲ ಕೆಳಗೆ ನೋಡ್ಕೊಳ್ಳಿ, ವಿಷ್ಣುಕ್ರಾಂತಿ ತುಳೀತಾ ಇದ್ದೀರಿ” ಎಂದರು. “ತಪ್ಪಾಯಿತಮ್ಮ” ಎಂದು ನಾವು ಹಿಂದೆ ಸರಿದೆವು. ನೆಲಕ್ಕೆ ಅಂಟಿಕೊಂಡ ಬಳ್ಳಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ನೀಲಿ ಹೂಗಳಿದ್ದವು. ಮಧ್ಯಾಹ್ನ ಕಳೆದರೆ ಮುಚ್ಚಿಕೊಳ್ಳುವ ಆ ಹೂಗಳ ಅರ್ಧದ ಮೇಲೆ ನಮ್ಮ ಕೆರದ ಗುರುತು ಮೂಡಿತ್ತು.

ನಾವು ಮೆಚ್ಚಿ ಚಿತ್ರಿಸಿದ ಗಿಡ ಐಕಾರ್ನಿಯ. ಇದರ ತವರು ದಕ್ಷಿಣ ಅಮೆರಿಕ. ಒಳಗೆ ಗಾಳಿ ತುಂಬಿದ ಉಬ್ಬು ತೊಟ್ಟುಗಳ ಬಲದಿಂದ ಇದು ತೇಲುತ್ತದೆ. ಅನುಕೂಲ ದೊರೆತರೆ ಎರಡು ವಾರಗಳೊಳಗೆ ತಾನಿದ್ದ ಎಡೆಯನ್ನು ಇಮ್ಮಡಿಮಾಡಿಕೊಳ್ಳುತ್ತದೆ. ಊರಿನ ಕೊಳಚೆಯೊಡನೆ ಬರುವ ಸಾರಜನಕ, ರಂಜಕಗಳೇ ಇದರ ಔತಣ. ಹೊದಿಕೆ ದಪ್ಪವಾದಂತೆ ಕೆಳಗಿನ ನೀರಿಗೆ ಬೆಳಕು ತಪ್ಪಿ, ಆಮ್ಲಜನಕ ಕುಗ್ಗಿ, ಮೀನುಗಳು ಉಸಿರಿಲ್ಲದೆ ಸಾಯುತ್ತವೆ. ನಾವು ಸಮೃದ್ಧಿಯೆಂದು ಕರೆದದ್ದು ಕೆರೆಯ ರೋಗದ ಚಿಹ್ನೆಯಾಗಿತ್ತು.

ಹಾಗೆಂದು ಹಸುರೆಲ್ಲವನ್ನೂ ಶಂಕಿಸಬೇಕಾಗಿಲ್ಲ. ಯಲಹಂಕದ ಕೆರೆ ತುಂಬಿದರೆ ನೀರು ಜಕ್ಕೂರಿಗೂ, ಅಲ್ಲಿಂದ ರಾಚೇನಹಳ್ಳಿಗೂ ಹರಿಯುವಂತೆ ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯಾಗಿ ಕಟ್ಟಿದ್ದಾರೆ. ಈಗ ಜಕ್ಕೂರಿನಲ್ಲಿ ಯಂತ್ರಾಲಯದಲ್ಲಿ ಶುದ್ಧಿಮಾಡಿದ ಕೊಳಚೆನೀರನ್ನು ಮೊದಲು ಒಂದು ಜವುಗುಭೂಮಿಯ ಮೂಲಕ ಹಾಯಿಸಿ, ಬಳಿಕ ಕೆರೆಗೆ ಬಿಡುತ್ತಾರೆ. ಅಲ್ಲಿ ಆಳೆತ್ತರ ಬೆಳೆದ ಜೊಂಡು ನೀರಿನಲ್ಲಿ ಉಳಿದ ರಂಜಕ, ಸಾರಜನಕಗಳನ್ನು ಹೀರಿ ಅದನ್ನು ಮತ್ತಷ್ಟು ತಿಳಿಗೊಳಿಸುತ್ತದೆ. ಒಂದೇ ಆಹಾರವನ್ನುಂಡ ಒಂದು ಹಸುರು ಕೆರೆಯನ್ನು ಮುಚ್ಚುತ್ತದೆ, ಮತ್ತೊಂದು ಕೆರೆಯನ್ನು ಕಾಯುತ್ತದೆ. ಕ್ಯಾಮರಾದ ಕಣ್ಣಿಗೆ ಎರಡೂ ಸಮಾನವಾಗಿ ಸುಂದರ.

ಜಾನ್ ಕ್ಯಾಮರನ್ನರು ಲಾಲ್‌ಬಾಗಿನ ಅಧಿಕಾರಿಗಳಾಗಿದ್ದ ಕಾಲದಲ್ಲಿ, ಎಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಚೆಲುವಯ್ಯ ರಾಜು ಎಂಬ ಚಿತ್ರಕಾರರು ಅಲ್ಲಿನ ಸಸ್ಯಗಳನ್ನು ಕುಂಚದಿಂದ ಬರೆದರು. ಕುಂಚ ಹಿಡಿದವನು ಎಲೆ ಎಲೆಯನ್ನೂ ನೋಡದೆ ಬರೆಯಲಾರ. ಗುಂಡಿ ಒತ್ತುವ ನಾವು ನೋಡದೆಯೇ ನೂರು ಚಿತ್ರ ತೆಗೆಯಬಲ್ಲೆವು. ಫೋನಿನಲ್ಲಿಯೇ ಕ್ಯಾಮರಾ ಇರುವ ಈ ದಿನಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಿಂದೆ ಗಣೇಶನ ಪೂಜೆಗೆ ಇಪ್ಪತ್ತೊಂದು ಪತ್ರೆಗಳನ್ನು ಆಯಲು ಹೊರಟ ಮಕ್ಕಳು ಅಷ್ಟು ಗಿಡಗಳ ಗುರುತನ್ನಾದರೂ ಕಲಿಯುತ್ತಿದ್ದರು. ಪತ್ರೆಯನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳುವ ನಮ್ಮ ಮನೆಗಳಲ್ಲಿ ಆ ಪಾಠ ನಿಂತುಹೋಗಿದೆ. ಹೆಸರು ಮರೆತ ಗಿಡದ ಮೇಲೆ ಮನೆಯೆದ್ದರೂ, ರಸ್ತೆ ಹಾದರೂ, ಕಳೆದುಹೋದದ್ದು ಏನೆಂದು ಹೇಳುವವರು ಯಾರು?

ಪ್ರದರ್ಶನದಲ್ಲಿ ಆ ನೇರಿಳೆ ಹೂವಿನ ಚಿತ್ರವನ್ನು ಇಟ್ಟೆವು. ಕೆಳಗೆ ‘ಐಕಾರ್ನಿಯ, ಜಕ್ಕೂರು ಕೆರೆ, ಕೊಳಚೆಯ ಗುರುತು’ ಎಂದು ತಾರೀಖಿನೊಡನೆ ಬರೆದೆವು. ಅದರ ಪಕ್ಕದಲ್ಲಿ, ಮೊಣಕಾಲೂರಿ ತೆಗೆದ ವಿಷ್ಣುಕ್ರಾಂತಿಯ ಸಣ್ಣ ಚಿತ್ರವೊಂದಿತ್ತು. ಮುಂದಿನ ಮಳೆಯಲ್ಲಿ ತಾವು ಕೊಡೆ, ಕ್ಯಾಮರಾಗಳೊಡನೆ ಹೊರಟಾಗ, ಗುಂಡಿಯನ್ನೊತ್ತುವ ಮೊದಲು ಗಿಡದ ಹೆಸರನ್ನು ಅಲ್ಲಿನವರಲ್ಲಿ ವಿಚಾರಿಸಿರೆಂದೂ, ಕಾಲಿಡುವೆಡೆಯನ್ನು ಒಮ್ಮೆ ನೋಡಿಕೊಳ್ಳಿರೆಂದೂ ಬೇಡಿ, ಈ ಮಾತುಗಳನ್ನು ಮುಗಿಸುತ್ತೇವೆ.