ಅಮ್ಮನಿಗೊಂದು ಹಾಡಿನ ಪೆಟ್ಟಿಗೆ

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಇಲ್ಲಿ ಅಕ್ಷರಗಳು ಬಹಳ ಸವೆದಿವೆ. ಹತ್ತಿರದ ಬ್ರಹ್ಮಗಿರಿಯ ಪಾಠದಲ್ಲಿ ತಾಯಿತಂದೆಯರ ಶುಶ್ರೂಷೆಯ ಮಾತು ಬರುತ್ತದೆ. ಶುಶ್ರೂಷೆಯೆಂದರೆ ಮೂಲದಲ್ಲಿ ಕೇಳುವ ಇಚ್ಛೆಯೆಂದೇ ಅರ್ಥವಷ್ಟೆ.

ನಾನು ಕೇಳಲಿಲ್ಲ. ಬೆಟ್ಟದ ಕೆಳಗಿನ ಊರಿನಲ್ಲಿರುವ ನಮ್ಮ ತಾಯಿ, “ತಿರುಗಿಸಿದ್ರೆ ಹಾಡಬೇಕು, ಅಷ್ಟೇ ಕಣಪ್ಪ” ಎಂದಿದ್ದರು. ನಾನು ಬೆಂಕಿಪೊಟ್ಟಣದಷ್ಟು ದೊಡ್ಡ, ಹೊಸ ಬಗೆಯ ಯಂತ್ರವೊಂದನ್ನು ಒಯ್ದೆ. ಗಾಜಿನ ಮೇಲೆ ಸಾಸಿವೆಯಂಥ ಅಕ್ಷರ, ಅದೂ ಇಂಗ್ಲಿಷು. ಒಂದೇ ಗುಂಡಿಗೆ ಮೂರು ಕೆಲಸ. ಮುಂದಿನ ಹಬ್ಬಕ್ಕೆ ಹೋದಾಗ ಅದು ಬಟ್ಟೆ ಸುತ್ತಿಕೊಂಡು ದೇವರ ಗೂಡಿನಲ್ಲಿ ಕೂತಿತ್ತು. “ಕೆಟ್ಟೀತು ಅಂತ ಮುಟ್ಟಿಲ್ಲ” ಎಂದರು.

ಈ ಸಲ ಅವರನ್ನೇ ಚಳ್ಳಕೆರೆಯ ಅಂಗಡಿಗೆ ಕರೆದೊಯ್ದೆ. ಕನ್ನಡಕ ತೆಗೆದಿಟ್ಟು, ಕೈಯಿಂದ ತಡವಿಯೇ ಪರೀಕ್ಷಿಸಿದರು. ಧ್ವನಿಗೊಂದು ತಿರುಪು, ಹಾಡು ಬದಲಿಸಲೊಂದು, ಎತ್ತಲು ಹಿಡಿಕೆ; ಕರೆಂಟಿಲ್ಲದಾಗ ಟಾರ್ಚಿನ ಸೆಲ್ಲೂ ನಡೆಯುತ್ತದೆ. ಅದೇ ಆಯಿತು. ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಹಾಡು ಹಿಡಿಯುತ್ತವೆ. ಹುಡುಕಾಟ ಬೇಡವೆಂದು ಅವರು ಹೇಳಿದ ನಲವತ್ತನ್ನೇ ತುಂಬಿಸಿದೆ. “ರೇಡಿಯೋನೂ ಬರುತ್ತಾ?” ಎಂದು ಕೇಳಲು ಮರೆಯಲಿಲ್ಲ. ಬರುತ್ತದೆ.

ಈಗ ನಾನು ಫೋನು ಮಾಡಿದರೆ, “ಇರಪ್ಪ, ಈ ಹಾಡೊಂದು ಮುಗೀಲಿ” ಎನ್ನುತ್ತಾರೆ.