ಸೂಟಿಯಲ್ಲಿ ನಿಮ್ಮ ಮಗು ಯಾವ ಭಾಷೆಯಲ್ಲಿ ಆಡುತ್ತದೆ?

(ಅಥಣಿ ತಾಲ್ಲೂಕಿನ ಐಗಳಿಯಲ್ಲಿ ಸೇರಿದ್ದ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ)



ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಈ ಐಗಳಿಯವರೆಗೆ ಬಿಸಿಲಲ್ಲಿ ಬಂದಿದ್ದೀರಿ. ಗಡಿಯ ಬಗ್ಗೆ ಬಿಸಿಬಿಸಿ ಭಾಷಣ ಕೇಳುವ ಆಸೆ ನಿಮಗಿರಬಹುದು. ಮಹಾಜನ ವರದಿ 1967ರಲ್ಲೇ ಬಂತು. ಅದರ ಬಗ್ಗೆ ಗಂಟಲು ಹರಿದುಕೊಂಡು ಕೂಗಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಮಕ್ಕಳ ಬೇಸಿಗೆ ಸೂಟಿಯ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಒಂದು ಭಾಷೆಯ ಅಳಿವು ಉಳಿವು ವಿಧಾನಸೌಧಕ್ಕಿಂತ ಮೊದಲು ಮಕ್ಕಳ ಆಟದ ಬಯಲಿನಲ್ಲಿ ತೀರ್ಮಾನವಾಗುತ್ತದೆ.

ನಿಮ್ಮಲ್ಲಿ ಅನೇಕರು ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು. ನಾಳೆ ನಿಮ್ಮ ಕಂಪನಿ ನಿಮ್ಮನ್ನು ಮೂರು ತಿಂಗಳ ಮಟ್ಟಿಗೆ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಕಳಿಸಿತು ಎಂದಿಟ್ಟುಕೊಳ್ಳಿ. ಜೊತೆಗೆ ಮನೆಯವರು, ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ. ಅಲ್ಲಿ ಬೇಸಿಗೆ ಸೂಟಿ ಜೂನ್ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಹೊರಡುವ ಮೊದಲು ನೀವು ಪುಸ್ತಕ ತಂದು ನಾಲ್ಕು ಮಾತು ಸ್ಪ್ಯಾನಿಷ್ ಕಲಿಯುತ್ತೀರಿ. ಸ್ಪೇನ್ ಎಂದರೆ ಸ್ಪ್ಯಾನಿಷ್ ತಾನೇ?

ಇಳಿದ ಮರುದಿನವೇ ನಿಮಗೆ ಅಚ್ಚರಿ ಕಾದಿರುತ್ತದೆ. ಬ್ರೆಡ್ ಅಂಗಡಿಯ ಹೆಂಗಸು 'ಬೊನ್ ದಿಯ' ಅನ್ನುತ್ತಾಳೆ. ನಿಮ್ಮ ಪುಸ್ತಕದಲ್ಲಿ ಆ ಮಾತಿಲ್ಲ. ಬೀದಿಯ ಹೆಸರಿನ ಫಲಕ, ಬಾಗಿಲು ಮುಚ್ಚಿದ ಶಾಲೆಯ ಗೇಟಿನ ಮೇಲಿನ ಬರಹ, ಎಲ್ಲ ಇನ್ನೊಂದು ಭಾಷೆಯಲ್ಲಿ. ಅದು ಕತಲಾನ್. ಬಾರ್ಸಿಲೋನಾ ಕತಲೋನಿಯಾ ಪ್ರಾಂತದ ರಾಜಧಾನಿ. ಸ್ಪ್ಯಾನಿಷ್ ಇಡೀ ದೇಶದ ಭಾಷೆ, ಕತಲಾನ್ ಆ ನೆಲದ ಭಾಷೆ.

ನೀವು ಸಗ್ರಾದ ಫಮೀಲಿಯ ಚರ್ಚು, ಸಮುದ್ರ ದಂಡೆ ನೋಡುತ್ತೀರಿ. ನಿಮ್ಮ ಮಕ್ಕಳು ನೋಡುವುದೇ ಬೇರೆ. ಜೂನ್ 23ರ ರಾತ್ರಿ ಸಂತ ಜಾನ್ ಹಬ್ಬದ ಬೆಂಕಿ, ಪಟಾಕಿ, ನಮ್ಮ ಕಾಮದಹನವನ್ನು ನೆನಪಿಸುವಂಥದ್ದು. ಆಗಸ್ಟ್‌ನಲ್ಲಿ ಗ್ರಾಸಿಯ ಎಂಬ ಬಡಾವಣೆಯ ಉತ್ಸವ. ಒಂದೊಂದು ಬೀದಿಯ ಜನರೂ ತಿಂಗಳುಗಟ್ಟಲೆ ಕೂತು ತಮ್ಮ ಬೀದಿಯನ್ನು ತಾವೇ ಸಿಂಗರಿಸುತ್ತಾರೆ, ನಮ್ಮ ಬೆಳಗಾವಿ ಸೀಮೆಯ ಗಣಪತಿ ಮಂಟಪದ ಹಾಗೆ. ಹಬ್ಬದ ಚೌಕಗಳಲ್ಲಿ ಹೆಗಲ ಮೇಲೆ ಹೆಗಲು ನಿಂತು ಮನುಷ್ಯರೇ ಗೋಪುರ ಕಟ್ಟುತ್ತಾರೆ. ತುತ್ತತುದಿಗೆ ಹತ್ತುವುದು ಒಂದು ಚಿಕ್ಕ ಮಗು! 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂಟಿಯಲ್ಲಿ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಆಟ, ಹಾಡು, ಜಗಳ, ರಾಜಿ ಎಲ್ಲ ನಡೆಯುವ ಜಾಗ ಅದು. ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತುವಾಗ ನಿಮ್ಮ ಮಗಳು ಆ ಊರಿಗೆ ಕತಲಾನಿನಲ್ಲೇ 'ಅದೇವು' ಎಂದು ಕೈಬೀಸಿದರೆ ಆಶ್ಚರ್ಯವಿಲ್ಲ. ಅದನ್ನು ಅವಳಿಗೆ ಯಾರೂ ಬೆದರಿಸಿ ಕಲಿಸಿರುವುದಿಲ್ಲ.

ಇದು ತಾನಾಗಿ ಆದದ್ದೇ?

ಖಂಡಿತ ಅಲ್ಲ. 1939ರ ಜನವರಿಯಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸೈನ್ಯ ಬಾರ್ಸಿಲೋನಾವನ್ನು ಹಿಡಿಯಿತು. ಕತಲಾನ್ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ ಹೊರಗಟ್ಟಿದರು. ಹುಟ್ಟಿದ ಮಗುವಿಗೆ ಕತಲಾನ್ ಹೆಸರು ದಾಖಲು ಮಾಡಿಸಲೂ ಬಿಡಲಿಲ್ಲ. ಭಾಷೆ ಅಡುಗೆಮನೆಯಲ್ಲಿ ಬದುಕಿತು. 1975ರಲ್ಲಿ ಫ್ರಾಂಕೋ ಸತ್ತ. 1979ರಲ್ಲಿ ಸ್ವಾಯತ್ತೆ ಬಂತು. 1983ರಲ್ಲಿ ಭಾಷಾ ಕಾನೂನು ಬಂತು. 1992ರ ಒಲಿಂಪಿಕ್ಸ್ ಆ ಊರಲ್ಲಿ ನಡೆದಾಗ ಕತಲಾನ್ ಕೂಟದ ಅಧಿಕೃತ ಭಾಷೆಗಳಲ್ಲಿ ಒಂದಾಗಿತ್ತು.

ಇವೆಲ್ಲ ದೊಡ್ಡವರ ಲೆಕ್ಕ. ಮಕ್ಕಳ ಲೆಕ್ಕ ಕೇಳಿ. 1982ರಲ್ಲಿ ಅಲ್ಲಿನ ಸರ್ಕಾರ ಭಾಷಾ ಪ್ರಚಾರಕ್ಕೆ ಯಾವ ಮಂತ್ರಿಯ ಫೋಟೋವನ್ನೂ ನೆಚ್ಚಲಿಲ್ಲ. ನೊರ್ಮ ಎಂಬ ಪುಟ್ಟ ಹುಡುಗಿಯ ವ್ಯಂಗ್ಯಚಿತ್ರ ಬರೆಸಿತು. 1983ರಲ್ಲಿ ಟಿ.ವಿ.3 ಎಂಬ ಕತಲಾನ್ ವಾಹಿನಿ ಹುಟ್ಟಿತು. 1990ರಲ್ಲಿ ಜಪಾನಿನ 'ಡ್ರ್ಯಾಗನ್ ಬಾಲ್' ಕಾರ್ಟೂನು ಅದರಲ್ಲಿ ಕತಲಾನ್ ಮಾತಾಡಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳೂ ಅದಕ್ಕೆ ಮುಗಿಬಿದ್ದರು.

ಎಲ್ಲಕ್ಕಿಂತ ದೊಡ್ಡ ಪಾಠ ಬಾರ್ಸಿಲೋನಾ ಪಕ್ಕದ ಸಾಂತಾ ಕೊಲೋಮಾ ಎಂಬ ಕಾರ್ಮಿಕರ ಊರಿನದು. ಅಲ್ಲಿದ್ದವರಲ್ಲಿ ಬಹುಪಾಲು ಜನ ಸ್ಪೇನಿನ ದಕ್ಷಿಣದಿಂದ, ಬೇರೆ ಭಾಗಗಳಿಂದ ಹೊಟ್ಟೆಪಾಡಿಗೆ ಬಂದವರು. ಮನೆಮಾತು ಸ್ಪ್ಯಾನಿಷ್. 1983ರಲ್ಲಿ ಆ ತಂದೆತಾಯಿಗಳೇ, 'ನಮ್ಮ ಮಕ್ಕಳಿಗೆ ಮೊದಲ ದಿನದಿಂದ ಕತಲಾನಿನಲ್ಲೇ ಪಾಠ ಮಾಡಿ' ಎಂದು ಪಟ್ಟು ಹಿಡಿದು ಪಡೆದರು. ಏಕೆ? ಈ ನೆಲದ ಭಾಷೆ ಬರದಿದ್ದರೆ ನಮ್ಮ ಮಕ್ಕಳು ಎರಡನೇ ದರ್ಜೆಯವರಾಗಿ ಉಳಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಮಗು ಸ್ಪ್ಯಾನಿಷ್‌ನಲ್ಲಿ ಕೇಳಿದರೂ ಶಿಕ್ಷಕಿ ಬೈಯುತ್ತಿರಲಿಲ್ಲ, ಪ್ರೀತಿಯಿಂದ ಕತಲಾನಿನಲ್ಲಿ ಉತ್ತರಿಸುತ್ತಿದ್ದಳು. ಆ ಪದ್ಧತಿ ಮುಂದೆ ಇಡೀ ಪ್ರಾಂತಕ್ಕೆ ಹರಡಿತು.

ಈಗ ನಮ್ಮ ಕಡೆ ತಿರುಗಿ

ಈ ಸೀಮೆಗೆ ಇದು ಹೊಸ ಪಾಠವೇನಲ್ಲ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದವರು. 19ನೇ ಶತಮಾನದಲ್ಲಿ ಇಲ್ಲಿನ ಕನ್ನಡ ಮಕ್ಕಳನ್ನು ಮರಾಠಿ ಸಾಲಿಯಲ್ಲಿ ಕೂರಿಸುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ದುಡಿದರು. ಅವರು ಹಿಡಿದದ್ದು ಮಕ್ಕಳ ಕೈಯನ್ನು. ಇವತ್ತು ಐಗಳಿಯಲ್ಲಿ ಕನ್ನಡ ಕೇಳುತ್ತಿದೆ ಎಂದರೆ ಅಂಥವರ ದುಡಿಮೆಯೂ ಅದಕ್ಕೆ ಕಾರಣ.

ಆಮೇಲೆ ನಾವೇನು ಮಾಡಿದೆವು? 1982ರ ಗೋಕಾಕ್ ಚಳವಳಿಯಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು. ಹೆಮ್ಮೆಯ ಮಾತು. ಆದರೆ ಬಾರ್ಸಿಲೋನಾದ ಮಕ್ಕಳು ತಮ್ಮ ಭಾಷೆಯಲ್ಲಿ ಕಾರ್ಟೂನು ನೋಡುತ್ತಿದ್ದ ಕಾಲದಲ್ಲಿ ನಾವು ಕನ್ನಡದ ಹೆಸರಿನಲ್ಲೇ ಡಬ್ಬಿಂಗಿಗೆ ಬಾಗಿಲು ಹಾಕಿ ಕಾವಲು ನಿಂತೆವು. ನಮ್ಮ ಕಲಾವಿದರ ಅನ್ನದ ಪ್ರಶ್ನೆ ನಿಜವಾಗಿತ್ತು, ಒಪ್ಪೋಣ. ಮಕ್ಕಳ ಕಾರ್ಟೂನಿನಿಂದ ಯಾರ ಅನ್ನ ಹೋಗುತ್ತಿತ್ತು? ನಮ್ಮ ಮಕ್ಕಳು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ನಕ್ಕರು. ಮಕ್ಕಳಿಗೆಂದೇ ಚಿಂಟು ಟಿ.ವಿ. ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ತಪ್ಪು ಎಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ದಾಟಿ ಹೋಗಿತ್ತು.

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಾಮಫಲಕಗಳಿಗಾಗಿ ಹೋರಾಟ ನಡೆಯಿತು. ಮರುವರ್ಷ ಫಲಕದಲ್ಲಿ ಶೇ. 60 ಕನ್ನಡ ಎಂಬ ಕಾನೂನೂ ಬಂತು. ಬೋರ್ಡು ಬದಲಾಯಿತು. ಆ ಅಂಗಡಿಯವನ ಮಗು ಸಂಜೆ ಯಾವ ಭಾಷೆಯಲ್ಲಿ ಆಡುತ್ತದೆ ಎಂದು ನಾವು ಕೇಳಿದೆವೇ?

2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. 2015ರ ಕಾನೂನಿನಿಂದ ಕನ್ನಡ ಒಂದು ಪಾಠವಾಗಿ ಉಳಿದಿದೆ. ಅಂದರೆ ಶಿಕ್ಷಣ ಮಾಧ್ಯಮದಲ್ಲಿ ಕಡ್ಡಾಯದ ಬಾಗಿಲು ಮುಚ್ಚಿದೆ, ಬೇಡಿಕೆಯ ಬಾಗಿಲು ತೆರೆದೇ ಇದೆ. ಬಿಹಾರದಿಂದ, ಒಡಿಶಾದಿಂದ ಬಂದ ತಂದೆತಾಯಿ 'ನಮ್ಮ ಮಗುವಿಗೆ ಕನ್ನಡ ಕಲಿಸಿ' ಎಂದು ನಮ್ಮ ಬಾಗಿಲಿಗೆ ಬರುವಂತೆ ಆಗಬೇಕು. ಬಂದಾಗ ಕಲಿಸುವವರು ನಾವಿರಬೇಕು.

ಎಚ್ಚರದ ಮಾತು ಒಂದಿದೆ. ಬಾರ್ಸಿಲೋನಾ ಸ್ವರ್ಗವಲ್ಲ. ಅಲ್ಲೂ ಕೋರ್ಟು ಅಡ್ಡ ಬಂದಿದೆ, ಶೇ. 25ರಷ್ಟು ಪಾಠ ಸ್ಪ್ಯಾನಿಷ್‌ನಲ್ಲಿ ಆಗಲೇಬೇಕೆಂದು 2020ರಲ್ಲಿ ತೀರ್ಪಾಯಿತು. ದಿನಬಳಕೆಯಲ್ಲಿ ಕತಲಾನ್ ಆಡುವವರು 2003ರಲ್ಲಿ ಶೇ. 46ರಷ್ಟಿದ್ದರು, 2023ರ ಸಮೀಕ್ಷೆಯಲ್ಲಿ ಶೇ. 33ರ ಒಳಗೆ ಇಳಿದರು. ಮಕ್ಕಳು ಈಗ ಮೊಬೈಲಿನಲ್ಲಿ ನೋಡುವುದು ಬಹುಪಾಲು ಬೇರೆ ಭಾಷೆಯದು. ನಲವತ್ತು ವರ್ಷ ಇಷ್ಟೆಲ್ಲ ದುಡಿದವರ ಗತಿಯೇ ಹೀಗಾದರೆ, ಕೈಕಟ್ಟಿ ಕೂತ ನಮ್ಮ ಗತಿ?

ಮೂರು ಕೆಲಸ

ಮೊದಲನೆಯದು: ಬರುವ ಏಪ್ರಿಲ್‌ನಲ್ಲಿ ನಿಮ್ಮ ಬಡಾವಣೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಬೇಸಿಗೆ ಶಿಬಿರ ಮಾಡಿ. ಭಾಷಣ ಬೇಡ, ಪ್ರತಿಜ್ಞೆ ಬೇಡ. ಲಗೋರಿ, ಚಿಣಿಪಣಿ, ಕಥೆ, ನಾಟಕ ಸಾಕು. ಹೊರಗಿನಿಂದ ಬಂದವರ ಮಕ್ಕಳನ್ನು ಮೊದಲು ಕರೆಯಿರಿ. ತಪ್ಪು ಕನ್ನಡ ಆಡಿದರೆ ನಗಬೇಡಿ, ಸರಿಯಾದ ಕನ್ನಡದಲ್ಲಿ ಉತ್ತರ ಕೊಡಿ.

ಎರಡನೆಯದು: ಮಕ್ಕಳ ಕಾರ್ಟೂನು, ಸಿನಿಮಾ ಕನ್ನಡದಲ್ಲಿ ಬೇಕೆಂದು ಕಂಪನಿಗಳಿಗೆ ಬರೆಯಿರಿ. ಕನ್ನಡದಲ್ಲಿ ಬಂದಾಗ ಅದನ್ನೇ ಹಾಕಿ ತೋರಿಸಿ.

ಮೂರನೆಯದು: ನಿಮ್ಮ ಮಕ್ಕಳನ್ನು, ಅಣ್ಣತಮ್ಮಂದಿರ ಮಕ್ಕಳನ್ನು ಸೂಟಿಗೆ ಇತ್ತ ಕರೆತನ್ನಿ. ಬೇಸಿಗೆಯಲ್ಲಿ ಇಲ್ಲಿ ದ್ರಾಕ್ಷಿ ಒಣಗುವ ಶೆಡ್ಡುಗಳಿವೆ, ಅಜ್ಜಿಯ ಕೈಯ ಜೋಳದ ರೊಟ್ಟಿ ಇದೆ. 'ಹೌದೇನ್ರಿ, ಬರ್ರಿ, ಕುಂಡ್ರ್ರಿ' ಎನ್ನುವ ಕನ್ನಡ ಅವರ ಕಿವಿಗೆ ಬೀಳಲಿ. ಪಕ್ಕದ ಜತ್ತ ತಾಲ್ಲೂಕು ಮಹಾರಾಷ್ಟ್ರದಲ್ಲಿದೆ. ಅಲ್ಲಿ ಕನ್ನಡ ಸಾಲಿಗಳಿವೆ, ಕನ್ನಡ ಓದುವ ಮಕ್ಕಳಿದ್ದಾರೆ. ಆ ಮಕ್ಕಳ ಜೊತೆ ನಿಮ್ಮ ಮಕ್ಕಳು ಒಂದು ದಿನ ಆಡಲಿ. ಗಡಿ ಎಂದರೇನು ಎಂಬುದು ಅವರಿಗೆ ನಮ್ಮ ನೂರು ಭಾಷಣಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಗೆಳೆಯರೇ, ಬೆಂಗಳೂರಿನಿಂದ ಬಂದ ಮೊಮ್ಮಗು ಇಂಗ್ಲಿಷಿನಲ್ಲಿ ನೀರು ಕೇಳಿ, ಈ ಊರಿನ ಅಜ್ಜಿ ಕಣ್ಣು ಕಣ್ಣು ಬಿಡುವ ದಿನ ಬಂದರೆ, ಆಗ ಗಡಿ ಐಗಳಿಯ ಆಚೆ ಇರುವುದಿಲ್ಲ. ಪಡಸಾಲೆಯ ನಡುವೆಯೇ ಬಂದು ಕೂತಿರುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಲು ಯಾವ ಆಯೋಗಕ್ಕೂ ಸಾಧ್ಯವಿಲ್ಲ. ನಿಮಗೆ ಸಾಧ್ಯವಿದೆ. ಈ ಸೂಟಿಯಿಂದಲೇ ಶುರು ಮಾಡಿ.

ಜೈ ಕರ್ನಾಟಕ!