ಶಿಫಾರಸು ಪತ್ರ ಮತ್ತು ಹಿರಿಯ ಕುರ್ಚಿ
(ಕಳಸದಲ್ಲಿ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

 

ನಮ್ಮ ಊರಿನ ಕಡೆಯಲ್ಲೇ ಇದ್ದುಕೊಂಡು ದೊಡ್ಡ ಆಡಳಿತದ ಹುದ್ದೆಗೆ ಏರುವುದು ಹೇಗೆ ಎಂದು ಮಾತಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಒಂದು ಶಿಕ್ಷಣ ಸಂಸ್ಥೆಯ ಆಡಳಿತಾಧಿಕಾರಿಯಾಗಿ ಹತ್ತೊಂಬತ್ತು ವರ್ಷ ದುಡಿದವಳು ನಾನು. ಏರಿದ್ದು ನಿಜ. ಹೇಗೆ ಏರಿದೆ ಎಂಬುದನ್ನು ಇಷ್ಟು ವರ್ಷ ಯಾವ ಸಭೆಯಲ್ಲೂ ಪೂರ್ತಿ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ. ಸಂಸ್ಥೆಯ ಹೆಸರನ್ನು ಮಾತ್ರ ಕೇಳಬೇಡಿ.

ನಮ್ಮಪ್ಪ ಹೊರನಾಡು ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಏನೆಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಬೆಳಿಗ್ಗೆ ಆಳು ಲೆಕ್ಕ, ಸಂಜೆ ಚೆಕ್‌ರೋಲ್, ವಾರಕ್ಕೊಮ್ಮೆ ಬಟವಾಡೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಲಾಟೀನು ಹಿಡಿದು ಹಣ್ಣು ತೂಗಿಸುವ ಕೆಲಸ. ಆ ಎಸ್ಟೇಟಿನಲ್ಲಿ ಮೇಸ್ತ್ರಿಗಳು ನಾಲ್ಕು ಜನ, ರೈಟರ್ ಇಬ್ಬರು, ಮ್ಯಾನೇಜರ್ ಒಬ್ಬರು. ಮ್ಯಾನೇಜರ್ ನಿವೃತ್ತರಾದರೆ ಹೊರಗಿನಿಂದ ಇನ್ನೊಬ್ಬರು ಬರುತ್ತಿದ್ದರು, ರೈಟರ್ ರೈಟರ್ ಆಗಿಯೇ ಉಳಿಯುತ್ತಿದ್ದರು. ಮೂವತ್ತೊಂದು ವರ್ಷ ದುಡಿದ ಅಪ್ಪ ಕೆಲಸ ಬಿಟ್ಟ ತಿಂಗಳಲ್ಲೇ ನಾವು ಮನೆಯನ್ನೂ ಬಿಡಬೇಕಾಯಿತು, ಅದು ಎಸ್ಟೇಟಿನ ಮನೆ. ಅಮ್ಮ ಅಂಗಳದ ತುಳಸಿ, ಗುಲಾಬಿ ಗಿಡಗಳನ್ನು ಬೇರು ಸಮೇತ ಕಿತ್ತು ಗೋಣಿಚೀಲದಲ್ಲಿ ಕಟ್ಟಿಕೊಂಡು ಜೀಪು ಹತ್ತಿದ್ದು ನನಗೆ ನೆನಪಿದೆ.

ಮಲೆನಾಡಿನ ಉದ್ಯೋಗದ ಸ್ಥಿತಿ ಈಗಲೂ ಹೆಚ್ಚುಕಮ್ಮಿ ಹೀಗೇ ಇದೆ. ಕೆಳಗೆ ಮೆಟ್ಟಿಲು ಬಹಳ, ಮೇಲೆ ಒಂದೋ ಎರಡೋ. ಬೆಂಗಳೂರಿನಲ್ಲಿ ಒಂದು ಕಡೆ ಆಗದಿದ್ದರೆ ಎದುರಿನ ಕಟ್ಟಡಕ್ಕೆ ಹೋಗಬಹುದು. ಇಲ್ಲಿ ಎದುರಿಗೆ ಇರುವುದು ಗುಡ್ಡ. ಎಸ್ಟೇಟು, ಸಹಕಾರ ಸಂಘ, ಆಸ್ಪತ್ರೆ, ಶಾಲೆ ಕಾಲೇಜು, ದೇವಸ್ಥಾನ, ಮಠ, ಸರ್ಕಾರಿ ಕಚೇರಿ, ಇಷ್ಟರಲ್ಲೇ ನಿಮ್ಮ ಬದುಕು. ದೊಡ್ಡ ಕುರ್ಚಿ ಖಾಲಿಯಾಗುವುದು ಇಪ್ಪತ್ತು ವರ್ಷಕ್ಕೊಮ್ಮೆ. ಖಾಲಿಯಾದ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ, ಮದುವೆ ಮನೆಯಲ್ಲಿ ಬರುತ್ತದೆ.

ನಾನು ಬಿ.ಕಾಂ. ಮುಗಿಸಿ 1986ರಲ್ಲಿ ಆ ಸಂಸ್ಥೆಗೆ ಗುಮಾಸ್ತೆಯಾಗಿ ಸೇರಿದೆ. ಅಲ್ಲಿ ನನಗಿಂತ ಒಂಬತ್ತು ವರ್ಷ ಮೊದಲು ಸೇರಿದ್ದ ಒಬ್ಬ ಅಕ್ಕ ಇದ್ದರು. ಮೂಡಿಗೆರೆ ಕಡೆಯವರು, ಪರಿಶಿಷ್ಟ ಜಾತಿಯವರು. ಲೆಡ್ಜರ್ ಹೇಗೆ ಬರೆಯಬೇಕು, ತಪ್ಪು ಬಂದರೆ ಅಳಿಸದೆ ಹೇಗೆ ಹೊಡೆದು ಸಹಿ ಹಾಕಬೇಕು, ಇಲಾಖೆಗೆ ಹೋಗುವ ಪತ್ರದ ಮೊದಲ ಸಾಲಿನಲ್ಲೇ ಉಲ್ಲೇಖ ಸಂಖ್ಯೆ ಏಕಿರಬೇಕು, ಎಲ್ಲವನ್ನೂ ಕಲಿಸಿದವರು ಅವರೇ. ಆಡಿಟ್‌ನವರು ಬಂದರೆ ಕಾರ್ಯದರ್ಶಿಗಳು ಮೊದಲು ಕೂಗುತ್ತಿದ್ದುದು ಅವರ ಹೆಸರನ್ನು.

1999ರಲ್ಲಿ ಆಡಳಿತಾಧಿಕಾರಿ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದೆವು. ನಮ್ಮ ದೊಡ್ಡಪ್ಪ ಒಬ್ಬ ಗಣ್ಯರ ಹತ್ತಿರ ಹೋಗಿ ನನ್ನ ಪರವಾಗಿ ಪತ್ರ ತಂದರು. ನಾನು ಕೇಳಿರಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಸಂದರ್ಶನದಲ್ಲಿ ಲೆಕ್ಕದ ಪ್ರಶ್ನೆ ಒಂದೂ ಬರಲಿಲ್ಲ. "ನಿಮ್ಮದು ಯಾವ ಕಡೆ? ತಾಯಿ ಮನೆ ಯಾರದು? ನಮ್ಮಲ್ಲಿ ಯಾವ ಪಂಗಡ?" ಎಂದು ಕೇಳಿದರು. ಹೇಳಿದೆ. ಅವರಿಗೆ ಬೇಕಾಗಿದ್ದ ಉತ್ತರವೇ ಅದು. ಎಂಟು ನಿಮಿಷದಲ್ಲಿ ಹೊರಗೆ ಬಂದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಅಕ್ಕ ಕೈಯಲ್ಲಿ ಮೂರು ವರ್ಷದ ಆಡಿಟ್ ವರದಿ ಹಿಡಿದು ಕೂತಿದ್ದರು. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮರುದಿನದಿಂದ ಅವರು ನನ್ನನ್ನು "ಮೇಡಂ" ಎಂದರು. ನಿವೃತ್ತರಾಗುವವರೆಗೂ ಹಾಗೆಯೇ ಕರೆದರು. ನಾನು ಅವರನ್ನು ಅಕ್ಕ ಎನ್ನುವುದನ್ನು ಬಿಡಲಿಲ್ಲ, ಆದರೆ ಆ ಮಾತು ನನ್ನ ಬಾಯಲ್ಲಿ ಮೊದಲಿನಂತೆ ಬರುತ್ತಿರಲಿಲ್ಲ.

ಬಂಧುಗಳೇ, ನಮ್ಮ ಹಿರಿಯರು ಇದೇ ಬೆಂಚಿನ ಮೇಲೆ ಕೂತಿದ್ದವರು. ಮೈಸೂರು ಸಂಸ್ಥಾನದ ಮೇಲಿನ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದಾಗ, 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರಲ್ಲಿ ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ಒಟ್ಟಿಗೆ ನಿಂತರು. ಮರುವರ್ಷ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಏಳು ವರ್ಷದೊಳಗೆ ಹಿಂದುಳಿದವರಿಗೆ ಸಿಗಬೇಕೆಂದು ಆ ಸಮಿತಿ ಹೇಳಿತು. ಆ ಪಟ್ಟಿಯಲ್ಲಿ ನಾವೂ ಇದ್ದೆವು. ಕುರ್ಚಿ ಕೇಳಿ ಪಡೆದ ಮನೆಯ ಮಕ್ಕಳು ಈಗ ನಮ್ಮದೇ ಸಂಸ್ಥೆಗಳ ಕುರ್ಚಿಗೆ ಬೇಲಿ ಹಾಕಿಕೊಂಡು ಕೂತಿದ್ದೇವೆ. ಸಾಲದು ಅಂತ ಒಳಪಂಗಡದ ಮುಳ್ಳುತಂತಿ ಬೇರೆ. ಅನುಭವ ಮಂಟಪವನ್ನು ಕಟ್ಟಿದವರು ಬಸವಣ್ಣನವರು, ಶೂನ್ಯ ಸಿಂಹಾಸನದ ಮೇಲೆ ಕೂತವರು ಬಳ್ಳಿಗಾವೆಯ ಮದ್ದಳೆಯ ಅಲ್ಲಮ. ಇದನ್ನು ಪ್ರತಿ ಬಸವ ಜಯಂತಿಗೆ ಹೇಳುತ್ತೇವೆ. ನೇಮಕಾತಿ ಸಮಿತಿ ಸಭೆಯ ದಿನ ಯಾರೂ ನೆನೆಯುವುದಿಲ್ಲ.

ಸರ್ಕಾರಿ ದಾರಿ ಶುದ್ಧವಾಗಿದೆ ಅಂತ ನಾನೇನೂ ಹೇಳುವುದಿಲ್ಲ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಪಟ್ಟಿಯನ್ನು ಸರ್ಕಾರವೇ 2014ರಲ್ಲಿ ಹಿಂದಕ್ಕೆ ಪಡೆಯಿತು. 2024ರಲ್ಲಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಂತೆ ಅನುವಾದವಾಗಿ, ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಕನ್ನಡ ಮಾಧ್ಯಮದಲ್ಲಿ ಓದಿದ ಕಳಸದ ಹುಡುಗನಿಗೆ ಆದ ನಷ್ಟವನ್ನು ಯಾರು ತುಂಬಿ ಕೊಡುತ್ತಾರೆ? ಆದರೂ ಕೆಎಎಸ್‌ಗೆ ಓದುವವರು ಓದಿ. ಒಂದು ಮಾತು ಮಾತ್ರ: ಮೂರು ನಾಲ್ಕು ಪ್ರಯತ್ನಕ್ಕೆ ಲೆಕ್ಕ ಹಾಕಿಕೊಳ್ಳಿ. ಮೂವತ್ತೆರಡು ವರ್ಷದವರೆಗೆ ಕೋಣೆಯಲ್ಲಿ ಕೂತು, ಆಮೇಲೆ ಯಾವ ಕೆಲಸದ ಅನುಭವವೂ ಇಲ್ಲದೆ ನನ್ನ ಮುಂದೆ ಬಂದು ನಿಂತ ಎಷ್ಟೋ ಜಾಣ ಮಕ್ಕಳನ್ನು ನೋಡಿ ನೊಂದಿದ್ದೇನೆ. ಓದುತ್ತಲೇ ಎಲ್ಲಾದರೂ ಒಂದು ಕಚೇರಿಯಲ್ಲಿ ಕೆಲಸ ಮಾಡಿ.

ಕೆಲಸ ಎಂದರೆ ಯಾವುದು? ಎಸ್ಟೇಟಿನ ಕಡೆ ಹೋಗುವವರು ಪ್ಲಾಂಟೇಷನ್ ಕಾರ್ಮಿಕರ ಕಾನೂನನ್ನು ಓದಿ ತಿಳಿದುಕೊಂಡಿರಬೇಕು. ಮನೆ, ವೈದ್ಯ, ಶಿಶುಪಾಲನೆ, ಕುಡಿಯುವ ನೀರು ಎಲ್ಲಾ ಅದರಲ್ಲಿವೆ. ಗ್ರಾಚ್ಯುಟಿ, ಪಿಎಫ್ ಲೆಕ್ಕ ಕೈಯಲ್ಲೇ ಹಾಕಲು ಬರಬೇಕು. ಪಹಣಿ ಓದಲು ಬರಬೇಕು. ಫೆಬ್ರವರಿ, ಮಾರ್ಚಿನ ಹೂಮಳೆ ತಪ್ಪಿದರೆ ಮುಂದಿನ ವರ್ಷದ ಹಣದ ಅಂದಾಜು ಏನಾಗುತ್ತದೆ ಎಂದು ಗೊತ್ತಿರಬೇಕು. ಈಗ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಜನ ಇದ್ದಾರೆ. ಅವರೊಡನೆ ನಾಲ್ಕು ಮಾತು ಆಡಲು ಬಾರದವರು ಮ್ಯಾನೇಜರ್ ಆಗಲಾರರು. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದು ಹೊರನಾಡಿನ ದಾರಿ ನಿಂತುಹೋದ ದಿನ ಹಾಸ್ಟೆಲಿನಲ್ಲಿ ಎಷ್ಟು ದಿನದ ಅಕ್ಕಿ ಇದೆ, ಜ್ವರ ಬಂದಿರುವ ಮಕ್ಕಳು ಎಷ್ಟು, ಯಾರ ಜೀಪಿನಲ್ಲಿ ಡೀಸೆಲ್ ಇದೆ ಎಂದು ಫೈಲ್ ನೋಡದೆ ಹೇಳಬಲ್ಲವರೇ ಆಡಳಿತಗಾರರು. ಹೊರನಾಡಿಗೆ ಹೋದಾಗ ದೇವಿಯ ದರ್ಶನ ಮಾಡುವವರು ಮಾಡಿ. ಊಟ ಮುಗಿದ ಮೇಲೆ ಅಡುಗೆಮನೆಯ ಕಡೆಗೂ ಕಣ್ಣು ಹಾಯಿಸಿ. ಬಂದವರಿಗೆಲ್ಲ ದಿನವೂ ಉಣಬಡಿಸುವುದರ ಹಿಂದೆ ಅಕ್ಕಿ, ಸೌದೆ, ನೀರು, ಜನ, ಸರದಿ ಇವುಗಳ ಲೆಕ್ಕ ಎಷ್ಟಿದೆ ಎಂದು ಯೋಚಿಸಿ. ಅಂಥದ್ದನ್ನು ಯಾವ ಎಂಬಿಎಯೂ ಕಲಿಸುವುದಿಲ್ಲ. (ಎಂಬಿಎ ಮಾಡಿದವರು ಸಿಟ್ಟಾಗಬೇಡಿ, ನನ್ನ ಮಗನೂ ಮಾಡಿದ್ದಾನೆ.)

ಇನ್ನು ನನ್ನ ಕಥೆಯ ಉಳಿದ ಭಾಗ. ಕುರ್ಚಿಯಲ್ಲಿ ಕೂತು ಹತ್ತು ಹನ್ನೆರಡು ವರ್ಷ ನಾನು ಏನನ್ನೂ ಬದಲಿಸಲಿಲ್ಲ. ಪತ್ರ ತಂದವರಿಗೆ ಕೆಲಸ ಕೊಡುವ ಪದ್ಧತಿಗೆ ನಾನೇ ಸಹಿ ಹಾಕುತ್ತಿದ್ದೆ. ಅಕ್ಕ ನಿವೃತ್ತರಾದ ಮೇಲೆ ಅವರ ಮೇಜಿನ ಖಾನೆ ತೆರೆದರೆ ಆ ಮೂರು ವರ್ಷದ ಆಡಿಟ್ ವರದಿ ದಾರ ಕಟ್ಟಿದ ಹಾಗೆಯೇ ಇತ್ತು. ಬಿಟ್ಟು ಹೋದರೋ, ಮರೆತು ಹೋದರೋ ಗೊತ್ತಿಲ್ಲ.

ಮುಂದಿನ ಸಲ ಸಹಾಯಕ ಆಡಳಿತಾಧಿಕಾರಿ ಹುದ್ದೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದೆ. ಶಿಫಾರಸು ಪತ್ರಗಳನ್ನು ಒಡೆಯದೆ ಕಳಿಸಿದವರಿಗೇ ವಾಪಸು ಕಳಿಸಿದೆ. ಜಾತಿ, ಪಂಗಡ ಕೇಳುವಂತಿಲ್ಲ ಎಂದು ಸಂದರ್ಶನದ ಹಾಳೆಯ ಮೇಲೆ ಬರೆಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಗಂಟೆಯ ಒಂದು ಪರೀಕ್ಷೆ ಇಟ್ಟೆ. ಪ್ರಬಂಧ ಬರೆಯುವುದಲ್ಲ. ಹಾಸ್ಟೆಲಿನ ಒಂದು ಕಡತ ಕೊಟ್ಟು, ಓದಿ ಅರ್ಧ ಪುಟದ ಟಿಪ್ಪಣಿ ಬರೆಯಿರಿ ಎಂದೆ. ಆ ಕಡತದ ಪ್ರಕಾರ ದಸರಾ ರಜೆಯ ದಿನಗಳಲ್ಲೂ ಪ್ರತಿದಿನದಂತೆ ಅಕ್ಕಿ ಖರ್ಚಾಗಿತ್ತು. ಏಳು ಜನರಲ್ಲಿ ಅದನ್ನು ಹಿಡಿದವಳು ಒಬ್ಬಳೇ. ಎಸ್ಟೇಟಿನ ಲೈನ್ ಮನೆಯಿಂದ ಬಂದ ಹುಡುಗಿ. "ರಜೆಯಲ್ಲಿ ಊಟ ಮಾಡಿದವರು ಯಾರೆಂದು ಹಾಜರಿ ಪುಸ್ತಕದಿಂದ ತಿಳಿಯಬೇಕಿದೆ" ಎಂದು ಬರೆದಿದ್ದಳು. ಯಾರನ್ನೂ ಕಳ್ಳರೆನ್ನದೆ ಕೇಳಬೇಕಾದ್ದನ್ನು ಕೇಳಿದ್ದಳು. ಅವಳನ್ನೇ ತೆಗೆದುಕೊಂಡೆವು.

ವಾಪಸು ಹೋದ ಪತ್ರಗಳಲ್ಲಿ ಒಂದು, 1999ರಲ್ಲಿ ನನಗೆ ಪತ್ರ ಕೊಟ್ಟ ಹಿರಿಯರದೇ ಆಗಿತ್ತು. ಅವರು ನನ್ನೊಡನೆ ಮಾತು ಬಿಟ್ಟರು. ದೊಡ್ಡಪ್ಪನ ಮಕ್ಕಳು "ಉಂಡ ಮನೆಯ ಜಂತೆ ಎಣಿಸಿದಳು" ಎಂದರು. 2018ರಲ್ಲಿ ನನ್ನ ಸೇವೆಯನ್ನು ಎರಡು ವರ್ಷ ಮುಂದುವರಿಸುವ ವಿಷಯ ಸಮಿತಿಯ ಮುಂದೆ ಬಂದು, ಚರ್ಚೆಯೇ ಇಲ್ಲದೆ ಬಿದ್ದುಹೋಯಿತು. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸಿನಲ್ಲಿ ಅಷ್ಟು ಮೇಲೇರಿದ್ದರೂ, ಕಿರಿಯರೊಬ್ಬರನ್ನು ತಮ್ಮ ಮೇಲೆ ತಂದಾಗ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಅವರದು ಸರಿಯಾದ ಸಿಟ್ಟು. ನನಗೆ ಸಿಟ್ಟಾಗುವ ಹಕ್ಕಿರಲಿಲ್ಲ. ನನ್ನ ಕುರ್ಚಿ ಶುರುವಿನಿಂದಲೂ ಇನ್ನೊಬ್ಬರದು.

ನಿವೃತ್ತಳಾದ ವಾರ ಅಕ್ಕನ ಮನೆಗೆ ಹೋದೆ. ಆಡಿಟ್ ವರದಿಯನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಪತ್ರದ ವಿಷಯ ಅವರಿಗೆ ಆವತ್ತೇ ಗೊತ್ತಿತ್ತಂತೆ. "ನೀನು ಕುರ್ಚಿ ಬಿಡಬೇಕಿತ್ತು ಅಂತ ನಾನು ಅಂದುಕೊಂಡಿರಲಿಲ್ಲ. ಒಂದು ಮಾತು ಹೇಳಬಹುದಿತ್ತು ಅಂತ ಅಂದುಕೊಂಡಿದ್ದೆ" ಎಂದರು. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಕಾಫಿ ತಂದರು. ಕುಡಿದು ಬಂದೆ. ಮತ್ತೆ ಎರಡು ಸಲ ಹೋಗಿದ್ದೇನೆ. ಈಗ ಮೇಡಂ ಎನ್ನುವುದಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ.

ಆ ಹಾಸ್ಟೆಲ್ ಕಡತದ ಮಾದರಿಯನ್ನು, ಲೆಕ್ಕಗಳನ್ನು ಬದಲಿಸಿ, ನಲವತ್ತು ಪ್ರತಿ ಮಾಡಿಸಿ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಸಾದ ಮುಗಿದ ಮೇಲೆ ತೆಗೆದುಕೊಳ್ಳಿ, ಅರ್ಧ ಪುಟ ಬರೆದು ತನ್ನಿ. ಸಂಜೆ ಐದರವರೆಗೆ ಇಲ್ಲೇ ಇರುತ್ತೇನೆ, ಒಬ್ಬೊಬ್ಬರದನ್ನೂ ಕೂತು ನೋಡುತ್ತೇನೆ. ಪತ್ರ ಕೊಡಿ ಎಂದು ಮಾತ್ರ ನನ್ನನ್ನು ಯಾರೂ ಕೇಳಬೇಡಿ.